ಕಟಿಂಗ್ ಮಾವನ ಕಣ್ಣಿನ ಹನಿ

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಕ್ಷೌರದಂಗಡಿಯ ಕಟಿಂಗ್ ಮಾವನ ಜಂಬ ಹೇಳತೀರದು. ಬಾಗಿಲಲ್ಲಿ ನಿಂತ ಗಿರಾಕಿಯ ತಲೆಹೊಟ್ಟನ್ನು ಒಳಗಿನಿಂದಲೇ ಕಂಡುಹಿಡಿದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಇದೆಲ್ಲ ಆಪರೇಷನ್ ಆದ ಮೇಲೆ ಕೊಟ್ಟ ನೋವು-ಊತ ಇಳಿಸುವ ಹನಿಯ ಮಹಿಮೆ ಎಂದು ಅವರ ನಂಬಿಕೆ.

ಡಾಕ್ಟರ್ ಹೇಳಿದ ಅವಧಿ ಮುಗಿದರೂ ಮಾವ ನಿಲ್ಲಿಸಲಿಲ್ಲ. ಔಷಧಿ ಅಂಗಡಿಯಿಂದ ತಾವೇ ಇನ್ನೊಂದು ಬಾಟಲಿ ತಂದರು. ಬಿಡುವಾದಾಗಲೆಲ್ಲ ಗಿರಾಕಿಯ ಕುರ್ಚಿಗೆ ಒರಗಿ, ಬಾಯಿ ತೆರೆದುಕೊಂಡು, ಕಣ್ಣಿಗೆ ಹನಿ ಬಿಟ್ಟುಕೊಳ್ಳುವುದೇ ಕೆಲಸ.

"ರೀ, ನಿಲ್ಸಿ ಅಂದಿದ್ರಲ್ಲ ಡಾಕ್ಟ್ರು?" ಎಂದಳು ಹೆಂಡತಿ.

"ಕಣ್ಣು ಅವರದ್ದಾ, ನನ್ನದಾ?"

"ಕಣ್ಣು ನಿಮ್ದೇ. ನಾಳೆ ಹಿಡ್ಕೊಂಡು ನಡೆಸಬೇಕಾದ ಕೈ ನಂದು!"

ಕಣ್ಣು ಕೆಂಪಗಾಯಿತು. ಬೆಳಕು ಕಂಡರೆ ನೀರು ಸುರಿಯಿತು. ನೋಟ ಮಂಜಾಯಿತು. ಮಾವ ಅಂಗಡಿಯ ಕನ್ನಡಿಯನ್ನು ತಿಕ್ಕಿ ತಿಕ್ಕಿ ಒರೆಸಿದರು, ಹನಿಯನ್ನೂ ಹೆಚ್ಚಿಸಿದರು.

ಒಂದು ದಿನ ಹೆಂಡತಿಯ ಅಣ್ಣ ಮೀಸೆ ತಿದ್ದಿಸಿಕೊಳ್ಳಲು ಬಂದು ಕೂತ. ಕನ್ನಡಿ ನೋಡಿಕೊಂಡರೆ ಒಂದು ಕಡೆಯ ಮೀಸೆಯೇ ಮಾಯ!

"ಅಯ್ಯೋ ಭಾವ, ಏನ್ರೀ ಮಾಡಿದ್ರಿ?"

"ಯಾಕೆ? ಎರಡೂ ಕಡೆ ಸಮ ಇದೆಯಲ್ಲ?"

ಆ ಮಾತಿಗೆ ಅವನ ಸಿಟ್ಟು ಜರ್ರನೆ ಇಳಿದು ಗಾಬರಿ ಹತ್ತಿತು. ತಂಗಿಯನ್ನೂ ಕರೆದುಕೊಂಡು, ಅರ್ಧ ಮೀಸೆಯಲ್ಲೇ ಮಾವನನ್ನು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದ.

ಡಾಕ್ಟರಮ್ಮ ಮೀಸೆ ನೋಡಿ ನಕ್ಕರು. ಕಣ್ಣು ನೋಡಿ, ಇನ್ನೂ ಹಾಕುತ್ತಿದ್ದ ಹನಿಯ ಬಾಟಲಿಯನ್ನು ಹೆಂಡತಿ ತೋರಿಸಿದ ಮೇಲೆ ನಗಲಿಲ್ಲ.

"ಕರಿಗುಡ್ಡೆ ಮುಂದಿರೋ ಗಾಜಿನಂಥ ಪದರದಲ್ಲಿ ಹುಣ್ಣಾಗಿದೆ. ತೆಳ್ಳಗೂ ಆಗಿದೆ. ಹೀಗೇ ಬಿಟ್ಟಿದ್ರೆ ತೂತೇ ಬೀಳಬಹುದಿತ್ತು."

"ಅಷ್ಟೇನೂ ನೋವಿಲ್ವಲ್ಲ ಡಾಕ್ಟ್ರೇ?"

"ನೋವು ಗೊತ್ತಾಗದ ಹಾಗೆ ಮಾಡಿದ್ದೂ ಅದೇ ಹನಿ! ಹೇಳಿದಷ್ಟು ಹಾಕಿದ್ರೆ ಒಳ್ಳೇದೇ. ಮಿತಿ ಮೀರಿದ್ರೆ ಕೆಲವರಿಗೆ ಹೀಗಾಗತ್ತೆ. ಕೀಲುವಾತ, ಸಕ್ಕರೆ ಕಾಯಿಲೆ, ಕಣ್ಣು ಒಣಗೋ ತೊಂದರೆ ಇದ್ರೆ ಅಪಾಯ ಇನ್ನೂ ಜಾಸ್ತಿ. ನಿಮಗೆ ಸಕ್ಕರೆ ಇದೆಯಾ?"

"ಇಲ್ಲ," ಎಂದರು ಮಾವ.

"ಇದೆ," ಎಂದಳು ಹೆಂಡತಿ.

"ಬೇಕಾದಷ್ಟಿದೆ," ಎಂದ ಅವಳಣ್ಣ.

ಆ ಹನಿ ಅಂದೇ ನಿಂತಿತು. ಬೇರೆ ಚಿಕಿತ್ಸೆ ಶುರುವಾಯಿತು. ಬಹಳ ದಿನ ಅಂಗಡಿಗೆ ಬೀಗ. ಹುಣ್ಣು ಮಾಗಿ ಕಣ್ಣು ಉಳಿಯಿತು, ಆದರೆ ಕಲೆಯೂ ಉಳಿಯಿತು. ಈಗಲೂ ಆ ಕಣ್ಣಿಗೆ ಒಂದು ಮೂಲೆ ಮಸುಕು. ಕತ್ತರಿ ಹಿಡಿದಾಗ ಮಾವ ತಲೆಯನ್ನು ಓರೆ ಮಾಡಿಯೇ ನೋಡಬೇಕು.

ಕಣ್ಣಿನ ಆಪರೇಷನ್ ಆದವರೇ, ಅವರ ಮನೆಯವರೇ, ಹನಿಯನ್ನು ಡಾಕ್ಟರ್ ಹೇಳಿದಷ್ಟೇ ಹಾಕಿ, ಹೇಳಿದಷ್ಟೇ ದಿನ ಹಾಕಿ. ನೀವಾಗಿ ಹೆಚ್ಚಿಸಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಕಣ್ಣು ಕೆಂಪಾದರೆ, ಮಂಜಾದರೆ, ಬೆಳಕು ಚುಚ್ಚಿದರೆ, ನೋವಿಲ್ಲ ಎಂದು ಸುಮ್ಮನಿರದೆ ಅಂದೇ ಕಣ್ಣಾಸ್ಪತ್ರೆಗೆ ಓಡಿ.