ಬ್ರೊಕೋಲಿಗೆ ಹೊಡೆದ ಗೆದ್ದಲು ಔಷಧಿ

ಎಲೆಗಳೆಲ್ಲ ಜರಡಿಯಾಗಿದ್ದವು. ಬಡಗಿಯ ಹೆಂಡತಿ ಹಿತ್ತಲಲ್ಲಿ ತಿಂಗಳುಗಟ್ಟಲೆ ನೀರು ಹೊತ್ತು, ಹೂಕೋಸಿನ ಜಾತಿಯ ನೇರಳೆ ಬ್ರೊಕೋಲಿ ಬೆಳೆಸಿದ್ದಳು. ಮೊಗ್ಗು ಕಾಣೋ ಹೊತ್ತಿಗೆ ಹಸಿರು ಹುಳು ಮುತ್ತಿತ್ತು.

"ಇಷ್ಟು ಒದ್ದಾಡೋ ಬದಲು ಅಂಗಡೀಲಿ ತಂದ್ರೆ ಆಗಲ್ವಾ?" ಅಂತ ಬಡಗಿ ಗೊಣಗಿದ. ಆದರೂ ಅವಳ ಸಪ್ಪೆ ಮುಖ ನೋಡಲಾರದೆ, ಮರಕ್ಕೆ ಬಳಿಯೋ ಗೆದ್ದಲು ಔಷಧಿಯನ್ನೇ ನೀರಿಗೆ ಬೆರೆಸಿ ಗಿಡಕ್ಕೆ ಹೊಡೆದ. ಹೇಳೋದು ಮರೆತು ಕೆಲಸಕ್ಕೆ ಹೋದ.

ಮಧ್ಯಾಹ್ನ ಅವಳು ಮೊದಲ ಮೊಗ್ಗು ಕಿತ್ತು, ಬೇಯಿಸಿ, ಆರು ವರ್ಷದ ಮಗಳಿಗೆ ಕೊಟ್ಟಳು. ಸಂಜೆಗೆ ಮಗು ವಾಂತಿ ಮಾಡಿಕೊಂಡು ಎಚ್ಚರ ತಪ್ಪಿತು.

ಒಂಬತ್ತು ದಿನ ಆಸ್ಪತ್ರೆ. ಗಿಡಕ್ಕೆ ಔಷಧಿ ಹೊಡೆದದ್ದನ್ನು ಬಡಗಿ ಅಲ್ಲೇ ಹೇಳಿದ. ಜೀವ ಉಳೀತು. ಮಗುವಿನ ಕೈ ಮಾತ್ರ ಈಗಲೂ ನಡುಗುತ್ತೆ.

ಮನೆಗೆ ಬಂದವನೇ ಬಡಗಿ ಗುದ್ದಲಿ ಎತ್ತಿಕೊಂಡ. "ಈ ದರಿದ್ರ ತರಕಾರಿ ಇನ್ನು ನಮ್ಮನೇಲಿ ಬೇಡ!"

ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದ ಅವನ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಕೀಳು. ವಿಷ ಬಿದ್ದದ್ದನ್ನ ತಿನ್ನೋ ಹಾಗಿಲ್ಲ. ಆದ್ರೆ ತಪ್ಪು ಗಿಡದ್ದಲ್ಲ ಕಣೋ."

"ನಂದು. ಗೊತ್ತು."

ಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ಹಾಕಿದ.

"ಔಷಧಿ ಇಲ್ದೆ ಹುಳು ಬಿಡುತ್ತಾ?" ಗುದ್ದಲಿ ಕೆಳಗಿಟ್ಟು ಕೇಳಿದ.

"ಬೇರೆ ಜಾಗದಲ್ಲಿ, ಹೊಸ ಮಣ್ಣಲ್ಲಿ ಸಸಿ ನೆಡು. ಸಣ್ಣ ಕಣ್ಣಿನ ಬಲೆ ಹೊದಿಸು. ದಿನಾ ಎಲೆ ಮಗುಚಿ ನೋಡು. ಮೊಟ್ಟೆ ಇದ್ರೆ ಉಜ್ಜಿ ಹಾಕು, ಹುಳು ಇದ್ರೆ ಕೈಯಲ್ಲೇ ಆರಿಸು. ನಡುವಿನ ಮೊಗ್ಗು ಅರಳೋ ಮುಂಚೆ ಕೊಯ್ದರೆ ಪಕ್ಕದಲ್ಲೆಲ್ಲ ಚಿಗುರುತ್ತೆ. ಉಪ್ಪುನೀರಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ನಾಲ್ಕೈದು ನಿಮಿಷ ಹಬೆಯಲ್ಲಿ ಬೇಯಿಸಿದ್ರೆ ಸಾಕು."

ಚಳಿಗಾಲ ಕಳೆಯೋವರೆಗೂ ಬಡಗಿ ಬೆಳಗಾದರೆ ಬಲೆಯೊಳಗೆ ಬಗ್ಗಿರುತ್ತಿದ್ದ. ಹೆಂಡತಿ ಬೇಕಾದಷ್ಟೇ ಮಾತಾಡುತ್ತಿದ್ದಳು.

ಮೊದಲ ಕೊಯ್ಲನ್ನು ಅವನೇ ಬೇಯಿಸಿದ. ನೇರಳೆ ಬಣ್ಣ ಮಾಯವಾಗಿ ಹಸಿರಾಯಿತು. ಮಗಳು ಹಿಂದೆ ಸರಿದಳು.

"ಬಣ್ಣ ಹೋಯ್ತಲ್ಲಪ್ಪ... ಔಷಧಿ ಹೊಡೆದಿದ್ಯಾ?"

ಅವನು ಅವಳ ಪಕ್ಕ ಕೂತ. "ಇಲ್ಲ ಪುಟ್ಟಿ. ಬಿಸಿಗೆ ಅದು ಹಸಿರಾಗುತ್ತೆ, ಅಷ್ಟೆ." ತಾನೇ ಮೊದಲು ತಿಂದ. ಹೆಂಡತಿ ತಟ್ಟೆ ಎಳೆದುಕೊಂಡು ತಿಂದಳು. ಮಗಳು ಅಮ್ಮನ ಮುಖ ನೋಡಿ ನೋಡಿ ಕೊನೆಗೆ ಒಂದು ತುಂಡು ಬಾಯಿಗಿಟ್ಟಳು.

"ಇನ್ನೊಂದು ಸಾಲು ಹಾಕೋಣ," ಅಂದಳು ಹೆಂಡತಿ. ಎಷ್ಟೋ ದಿನಕ್ಕೆ ಅವನ ಕಡೆ ತಿರುಗಿ.

ಅಕ್ಕಂದಿರೇ, ಅಣ್ಣಂದಿರೇ, ಹಿತ್ತಲಲ್ಲಿ ತರಕಾರಿ ಬೆಳೀರಿ, ಮಕ್ಕಳಿಗೆ ತಿನ್ನಿಸಿ. ಆದರೆ ಮರದ ಔಷಧಿ, ಜಿರಲೆ ಔಷಧಿ ತಿನ್ನೋ ಗಿಡದ ಹತ್ತಿರ ಸುಳೀಬಾರದು. ಅಪ್ಪಿತಪ್ಪಿ ಯಾರಾದರೂ ತಿಂದುಬಿಟ್ಟರೆ ಸಂಜೆವರೆಗೆ ಕಾಯಬೇಡಿ. ಔಷಧಿ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.