ಎರಡು ಶೆಡ್ಡಿಗೆ ಒಂದೇ ತಾರೀಖು

ನನಗೆ ಸೋದರಮಾವಂದಿರು ಇಬ್ಬರು. ಇಚಲಕರಂಜಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಅವರ ಮಗ್ಗದ ಶೆಡ್ಡುಗಳು. ಕಿರಿಯ ಅತುಲಮಾಮಾ ತಂದ ಹೊಸ ಮಗ್ಗಗಳನ್ನು ಹಿರಿಯ ಅವಿನಾಶಮಾಮಾ ಬೀಗರ ಎದುರಿಗೇ ‘ಹಿಟ್ಟಿನ ಗಿರಣಿ’ ಅಂದುಬಿಟ್ಟ. ಅಂದಿನಿಂದ ಇಬ್ಬರ ಮಾತು ಬಂದ್.

ಅದರ ಪೆಟ್ಟು ಬಿದ್ದದ್ದು ನನಗೆ. ಬರುವ ತಿಂಗಳು ಗಡಹಿಂಗ್ಲಜದಲ್ಲಿ ನನ್ನ ಮದುವೆ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. “ಅಂವಾ ಬಂದ್ರ ನಾ ಬರಂಗಿಲ್ಲ, ಪ್ರಾಜಕ್ತಾ,” ಎಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದರು, ಒಂದು ಶಬ್ದವೂ ಬದಲಾಗದಂತೆ. ಇಬ್ಬರೂ ನನ್ನನ್ನು ಎತ್ತಿ ಆಡಿಸಿದವರು. ಒಬ್ಬನನ್ನು ಬಿಟ್ಟು ನಾನು ಹೇಗೆ ಮಂಟಪ ಹತ್ತಲಿ?

ನಾನು ಕೊಲ್ಹಾಪುರದಲ್ಲಿ ವೆಬ್ ಆ್ಯಪ್ ಮಾಡುವವಳು. ಯಾವ ಮಗ್ಗ ಎಷ್ಟು ನೇಯ್ದಿತು ಎಂದು ಮೊಬೈಲಿನಲ್ಲಿ ತೋರಿಸುವ ಚಾರ್ಟು ಇಬ್ಬರಿಗೂ ಬೇಕಾಯಿತು. ಕೆಳಗೆ ಬೆರಳಿನಿಂದ ತಾರೀಖು ಸರಿಸಿದರೆ ಮೇಲಿನ ಗೆರೆ ತಾನಾಗಿ ಬದಲಾಗಬೇಕು. ಎರಡೆರಡು ಸಲ ಬರೆಯಲು ನನಗೇನು ಹುಚ್ಚೇ? ಕೋಡು ಒಂದೇ ಬರೆದೆ, ಎರಡೂ ಶೆಡ್ಡಿಗೆ ಅದನ್ನೇ ಬಳಸಿದೆ. ಆದರೆ ಆರಿಸಿದ ತಾರೀಖನ್ನು ಆಯಾ ಚಾರ್ಟಿನ ಒಳಗೆ ಇಡುವುದು ಬಿಟ್ಟು, ಹೊರಗೆ ಇಬ್ಬರಿಗೂ ಸೇರಿ ಒಂದೇ ಕಡೆ ಇಟ್ಟುಬಿಟ್ಟೆ.

ಮರುದಿನವೇ ಅವಿನಾಶಮಾಮಾನ ಫೋನು. “ಏನ್ ಭೂತಾ ತುಂಬಿದಿಯವ್ವಾ ಇದರಾಗ? ನಾ ಶನಿವಾರ ನೋಡಾಕತ್ತೇನಿ, ಅದು ತಾನ ಮಂಗಳವಾರಕ್ಕ ಓಡತೈತಿ!”

“ಭೂತ ಅಲ್ರೀ ಮಾಮಾ, ಅದು ಅತುಲಮಾಮಾ. ಅವರು ಸರಿಸಿದ್ರ ನಿಮ್ಮಲ್ಲೂ ಸರೀತೈತಿ. ನಂದ ತಪ್ಪು, ತಿದ್ದತೇನಿ.”

“ಲವಕರ, ಲಗೂನ ತಿದ್ದ! ಅಲ್ಲೀಮಟ ನಾನೂ ತೋರಸ್ತೇನಿ ಅವಗ!”

ಅತುಲಮಾಮಾನಿಗೂ ಇದನ್ನೇ ಹೇಳಿದೆ. ಅವನೂ ಅದೇ ಶಪಥ ಮಾಡಿದ. ಸೀರೆ ಖರೀದಿಯ ಗದ್ದಲದಲ್ಲಿ ನನಗೆ ಪುರುಸೊತ್ತಾಗಲಿಲ್ಲ. ವಾರವಿಡೀ ಒಬ್ಬ ಶನಿವಾರಕ್ಕೆ ಎಳೆದರೆ ಇನ್ನೊಬ್ಬ ಮಂಗಳವಾರಕ್ಕೆ ಎಳೆದ. ಊಟಕ್ಕೆ ಕೂತಾಗಲೂ ಇವರ ಎಡಗೈ ಮೊಬೈಲಿನ ಮೇಲೆಯೇ ಎಂದು ಅತ್ತೆಯಂದಿರು ಗೋಳಾಡಿದರು. ಕೊನೆಗೆ ಒಂದು ಮಧ್ಯಾಹ್ನ ಕೂತು, ತಾರೀಖನ್ನು ಚಾರ್ಟಿನ ಒಳಗೆ ತಂದೆ. ಇನ್ನು ಅವರವರ ತಾರೀಖು ಅವರವರಿಗೆ.

ಮರುದಿನ ಅತುಲಮಾಮಾ ಫೋನ್ ಮಾಡಿದ. “ಪ್ರಾಜಕ್ತಾ, ಮುಂಜಾನಿಂದ ತಾರೀಖ ಅಲ್ಲಾಡವಲ್ದು. ನಾ ಇಟ್ಟಲ್ಲೇ ಐತಿ.”

ರಿಪೇರಿ ಮಾಡಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ದನಿ ತಗ್ಗಿಸಿ ಕೇಳಿದ, “ಅವಗ... ಮೈಯಾಗ ಆರಾಮ ಐತಿಲ್ಲೋ?”

ಅಯ್ಯೋ ದೇವರೇ! ನನಗೆ ಅಳುವೂ ಬಂತು, ಸಿಟ್ಟೂ ಬಂತು. ರಿಪೇರಿಯ ಮಾತು ನುಂಗಿಕೊಂಡೆ.

“ನನಗೇನ ಗೊತ್ರೀ ಮಾಮಾ? ನಾ ಕೊಲ್ಹಾಪುರದಾಗ ಅದೇನಿ. ನಿಮ್ಮ ನಡುವ ಇರೋದ ಒಂದ ಗೋಡಿ. ಹೋಗಿ ನೋಡ್ರಿ!” ಎಂದು ಫೋನಿಟ್ಟೆ.

ಸಂಜೆ ಅವಿನಾಶಮಾಮಾನ ಫೋನು ಬಂತು. “ನಿನ್ನ ಮಾಮಾ ಬಂದಾನ, ಚಹಾ ಕುಡ್ಯಾಕತ್ತಾನ. ನಾನೂ ಇವಗ ಏನಾತೋ ಅಂತ ಮುಂಜಾನಿಂದ ಹೆದರಿ ಕುಂತಿದ್ನಿ.”

ಹಿಂದಿನಿಂದ ಅತುಲಮಾಮಾನ ದನಿ, “ಮದುವ್ಯಾಗ ಬಲಗೈ ನಾ ಹಿಡಿಯಾಂವ ಅಂತ ಹೇಳ ಅಕಿಗೆ!”

“ದೊಡ್ಡಾಂವ ನಾನೋ ನೀನೋ? ಎಡಗೈ ಹಿಡಕೊಂಡ ಸುಮ್ಮನ ನಡಿ!”

“ಯಾಕ ನಡೀಲಿ?”

ನಾನು ಫೋನಿನಲ್ಲಿ ಇರುವುದನ್ನೇ ಇಬ್ಬರೂ ಮರೆತರು. ನಾನು ಕಟ್ ಮಾಡದೆ ಆ ಜಗಳವನ್ನು ಕಿವಿತುಂಬ ಕೇಳಿದೆ.