ಒಬ್ಬಳೇ ಓದಿದ ಬರಹ

"ನಿಲ್ಲಿಸ್ಕೊಂಡೇ ಹೋಗೋಣ ಅತ್ತಿಗೆ, ಒಂದು ನಿಮಿಷದ ಕೆಲಸ," ಎನ್ನುತ್ತಾ ಗ್ರೀಸ್ ಎಂಬ ಅಡ್ಡಹೆಸರಿನವನು ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಿದ್ದ. ಸ್ಟ್ರೆಚರಿನ ತಲೆಯ ಕಡೆ ಒಳಗೆ ಹೋಗಿತ್ತು, ಕಾಲಿನ ಕಡೆ ಹೊರಗೇ ಉಳಿದಿತ್ತು. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದು ನೋಡಿದರು. ಹೊರಗೆಳೆದು, ತಿರುಗಿಸಿ, ಮತ್ತೆ ತಳ್ಳಿ ನೋಡಿದರು. ಏನು ಮಾಡಿದರೂ ಬಾಗಿಲು ಮುಚ್ಚಲಿಲ್ಲ.

ಸತ್ತವನು ಬದುಕಿಡೀ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಗ್ರೀಸ್ ಅವನ ಜೊತೆ ಕೆಲಸ ಮಾಡಿದವನು; ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದೆ ಆ ಹೆಸರು ಅಂಟಿಕೊಂಡಿತ್ತು. ಈ ಕಟ್ಟಡದ ಲಿಫ್ಟನ್ನು ಇಬ್ಬರೂ ಸೇರಿ ಎಷ್ಟೋ ಸಲ ಬಿಚ್ಚಿ ಜೋಡಿಸಿದ್ದರು. ಮಲಗಿದ ಮನುಷ್ಯ ಅದರಲ್ಲಿ ಹಿಡಿಸುವುದಿಲ್ಲ ಎಂಬುದು ಮಾತ್ರ ಇಬ್ಬರ ತಲೆಗೂ ಹೊಳೆದಿರಲಿಲ್ಲ.

"ಬೇಡ," ಎಂದಳು ಹೆಂಡತಿ. "ನಿಂತು ನಿಂತು ಸಾಕಾಗಿದೆ ಅವರಿಗೆ. ಮಲಗಿಸ್ಕೊಂಡೇ ಇಳಿಸಿ."

ಮೆಟ್ಟಿಲು ಕಿರಿದಾಗಿತ್ತು. ತಿರುವು ಬಂದಾಗಲೆಲ್ಲ ಹೊತ್ತವರು ಒಬ್ಬರಿಗೊಬ್ಬರು ಬುದ್ಧಿ ಹೇಳತೊಡಗುತ್ತಿದ್ದರು. ಗ್ರೀಸ್‌ಗೆ ಭುಜಕ್ಕಿಂತ ನಾಲಿಗೆಯಲ್ಲಿ ಬಲ ಹೆಚ್ಚು. ಬಾಗಿಲು ತೆರೆದು ನಿಂತ ಮನೆಮನೆಯವರಿಗೂ ಅವನು ಒಂದೇ ಕತೆ ಹೇಳುತ್ತಾ ಇಳಿದ. ಇವನನ್ನು ಬರೀ ಲಿಫ್ಟ್ ರಿಪೇರಿಯವನೆಂದು ತಿಳಿಯಬೇಡಿ, ಇವನ ಬರಹಕ್ಕೆ ಸರ್ಕಾರವೇ ಹೆದರುತ್ತಿತ್ತು, ಜಾಲತಾಣದಲ್ಲಿ ಬರೆದದ್ದನ್ನೆಲ್ಲ ಕಿತ್ತುಹಾಕಿಸುತ್ತಿತ್ತು, ಒಂದು ಸಲವಲ್ಲ ಎರಡು ಸಲವಲ್ಲ ಎಂದ. ಕೇಳಿದವರು ಸತ್ತವನ ಮುಖವನ್ನು ಇನ್ನೊಮ್ಮೆ ನೋಡಿದರು. ಹಿಂದೆ ಬರುತ್ತಿದ್ದ ಹೆಂಡತಿಯ ತಂಗಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು. ಅಕ್ಕ ತಿರುಗಿ ಒಂದು ನೋಟ ನೋಡಿದ ಮೇಲೆ ನಿಂತಿತು.

ಕೊನೆಯ ತಿರುವಿನಲ್ಲಿ ಒಬ್ಬ ಹೆಂಗಸು ಕೆಳಗಿನಿಂದ ಹತ್ತಿ ಬರುತ್ತಾ ಎದುರಾದಳು. ಗಿಡ್ಡ ಕತ್ತರಿಸಿದ ಬಿಳಿ ಕೂದಲು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಚಪ್ಪಲಿಯಿಂದ ಹೊರಚೆಲ್ಲುವಷ್ಟು ಊದಿದ ಪಾದ. ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಸತ್ತವನ ಮುಖ ಅವಳ ಮುಖದ ಹತ್ತಿರವೇ ಹಾದುಹೋಯಿತು. ಅವಳು ಕನ್ನಡಕ ಏರಿಸಿಕೊಂಡು, ಇಷ್ಟು ದಿನ ಊಹಿಸಿಕೊಂಡಿದ್ದ ಮುಖದ ಜೊತೆ ಇದನ್ನು ಹೋಲಿಸುವವಳ ಹಾಗೆ ನೋಡಿದಳು. ಆ ನೋಟ ಹೆಂಡತಿಗೆ ಹಿಡಿಸಲಿಲ್ಲ.

ಯಾರು ನೀವು ಎಂದು ಮಗಳು ಕೇಳಿದಳು.

"ಔಷಧಿ ಅಂಗಡಿಯವಳಮ್ಮ. ನಿಮ್ಮ ತಂದೆ ಜೊತೆ ಜಾಲತಾಣದಲ್ಲಿ ದಿನಾ ಜಗಳ ಆಡ್ತಿದ್ದವಳು."

ಮಗಳಿಗೆ ಅಳು ನುಗ್ಗಿ ಬಂತು. ತಂದೆಯ ಫೋನಿನಿಂದ ಸಾವಿನ ಸುದ್ದಿಯನ್ನು ಆ ತಾಣದಲ್ಲಿ ಹಾಕಿದವಳು ಅವಳೇ. ಅಲ್ಲಿಂದ ಒಬ್ಬರಾದರೂ ಬಂದರಲ್ಲ ಎಂದು ಕೈ ಹಿಡಿದುಕೊಂಡಳು, ವ್ಯಾನಿನಲ್ಲಿ ಜಾಗವಿದೆ ಬನ್ನಿ ಎಂದಳು. ತಾಯಿಯನ್ನು ಒಂದು ಮಾತೂ ಕೇಳಲಿಲ್ಲ. ಹೆಂಡತಿ ತಂಗಿಯ ಕಿವಿಯ ಹತ್ತಿರ ಬಾಗಿ, "ಮಾತ್ರೆ ಬಂದಿದ್ದಾಳೆ," ಎಂದಳು.

*

ಮಾತ್ರೆ ಎಂಬ ಹೆಸರು ಹೆಂಡತಿಯೇ ಇಟ್ಟದ್ದು. ಕೆಲಸದಿಂದ ನಿವೃತ್ತನಾದ ಮೇಲೆ ಗಂಡನಿಗೆ ಆ ಜಾಲತಾಣದ ಹುಚ್ಚು ಹಿಡಿಯಿತು. ವಿಜ್ಞಾನ, ಯಂತ್ರ, ಸರ್ಕಾರ ಅಂತ ಅಲ್ಲಿ ಹಗಲೆಲ್ಲ ವಾದ. ಆಗ ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ನಿನಿಂದ ತಲೆಗೂದಲು ಉದುರುತ್ತದೆ, ಮೂಳೆ ಕರಗುತ್ತದೆ ಎಂದು ಯಾರೋ ಹಬ್ಬಿಸಿ, ಜನ ನಲ್ಲಿ ಬಿಟ್ಟು ಕೊಳದ ನೀರು ಕುಡಿದು ಆಸ್ಪತ್ರೆ ಸೇರುತ್ತಿದ್ದರು. ಅಂಥ ಬರಹಗಳನ್ನೆಲ್ಲ ತೆಗೆದುಹಾಕಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತು. ಸರಿಯಾಗಿಯೇ ಮಾಡಿತು ಎಂದಳು ಔಷಧಿ ಅಂಗಡಿಯಾಕೆ. ಶೀಶೆಯ ಮೇಲಿನ ಚೀಟಿಯೇ ಸುಳ್ಳಾದರೆ ಅದನ್ನು ಕಪಾಟಿನಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು, ಆದರೂ ತೆಗೆಯಬಾರದು ಎಂದ. ಕೆಟ್ಟ ಲಿಫ್ಟಿನ ಕೆಂಪು ದೀಪಕ್ಕೆ ಬಟ್ಟೆ ಮುಚ್ಚಿದರೆ ಲಿಫ್ಟ್ ಸರಿಹೋಗುತ್ತದೆಯೇ, ಜನಕ್ಕೆ ನೀರಿನ ಮೇಲೆ ಯಾಕೆ ನಂಬಿಕೆ ಹೋಯಿತೆಂದು ಮೊದಲು ನೋಡಿ ಎಂದ. ಅಲ್ಲಿಂದ ಶುರುವಾದದ್ದು ಮುಗಿಯಲೇ ಇಲ್ಲ.

ಊಟಕ್ಕೆ ಕೂತಾಗ ಅವನ ಬಾಯಿಂದ ಬರುತ್ತಿದ್ದದ್ದು ಹೂಂ, ಉಪ್ಪು, ಸಾಕು. ಅತ್ತ ಮಾತ್ರೆಗೆ ಪುಟಗಟ್ಟಲೆ. ಬರೆಯುತ್ತಾ ಬರೆಯುತ್ತಾ ಒಬ್ಬನೇ ನಗುತ್ತಿದ್ದ. ಅದೇನು ಅಂತ ನನಗೂ ಹೇಳಿ ಎಂದು ಒಂದು ದಿನ ಕೇಳಿದಳು. "ನಿನಗೆ ಅರ್ಥ ಆಗಲ್ಲ ಬಿಡು," ಎಂದ. ಬೇಕೆಂದು ನೋಯಿಸಿದ್ದಲ್ಲ, ತಲೆಯನ್ನೂ ಎತ್ತದೆ ಹೇಳಿದ್ದು. ಅದೇ ಅವಳನ್ನು ಸುಟ್ಟಿತು.

ತಂಗಿಯ ಸಹಾಯದಿಂದ ಗುಟ್ಟಾಗಿ ಆ ತಾಣಕ್ಕೆ ಸೇರಿದಳು. ಎಲ್ಲವನ್ನೂ ಓದಿದಳು, ಎಲ್ಲವೂ ಅರ್ಥವಾಯಿತು. ಒಂದು ಬೆಳಿಗ್ಗೆ ಅವನು ಮಂತ್ರಿಯ ಆಜ್ಞೆಯ ಬಗ್ಗೆ ಉದ್ದಕ್ಕೆ ಬರೆದು, ಕೊನೆಯಲ್ಲಿ, ನಿಮ್ಮಷ್ಟು ಚೆನ್ನಾಗಿ ನನ್ನ ತಪ್ಪು ತೋರಿಸಿದವರು ಈ ಬದುಕಿನಲ್ಲಿ ಇನ್ನೊಬ್ಬರಿಲ್ಲ ಎಂದು ಮಾತ್ರೆಗೆ ಬರೆದಿದ್ದ. ಗಂಡನ ತಪ್ಪು ತೋರಿಸುವುದರಲ್ಲಿ ಹೆಂಡತಿ ಎಂದೂ ಹಿಂದೆ ಬಿದ್ದವಳಲ್ಲ. ನೇರ ತಂಗಿಗೆ ಫೋನ್ ಮಾಡಿದಳು. ಮೂರು ಫೋನಿನಿಂದ ರಿಪೋರ್ಟ್ ಒತ್ತಿದರೆ ಬರಹ ತಾನಾಗಿ ಮರೆಯಾಗುತ್ತದೆ, ಆ ತಾಣದಲ್ಲಿ ತಿರುಗಿ ನೋಡುವವರು ಯಾರೂ ಇಲ್ಲ ಎಂದು ತಂಗಿ ಹೇಳಿಕೊಟ್ಟಳು. ತನ್ನದು, ತಂಗಿಯದು, ಮಗಳು ಬಳಸಿ ಬಿಟ್ಟಿದ್ದ ಹಳೆಯ ಫೋನು. ಮೂರೂ ಒತ್ತಿದರು.

ಅವನು ಅಡಿಗೆಮನೆಗೆ ಬಂದು, "ನನ್ನ ಬರಹ ತೆಗೆಸಿಬಿಟ್ರು ಕಣೇ," ಎಂದ. ಯಾರು ಎಂದಳು. ಅವನು ಬೆರಳೆತ್ತಿ ಮೇಲೆ ತೋರಿಸಿದ. ಮಂತ್ರಿಯನ್ನು ಬೈದದ್ದು ನಾಟಿದೆ ಎಂದ. ಆಮೇಲೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಅವಳನ್ನು ಕೂರಿಸಿಕೊಂಡು, ಕ್ಲೋರಿನ್ನಿನಿಂದ ಹಿಡಿದು ಕೆಂಪು ದೀಪದವರೆಗೆ ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದ. ಅವಳು ಹೊಸದಾಗಿ ಕೇಳುವವಳ ಹಾಗೆ ಕಣ್ಣರಳಿಸಿ ಕೇಳಿದಳು, ನಡುವೆ ಒಂದೆರಡು ಪ್ರಶ್ನೆಯನ್ನೂ ಹಾಕಿದಳು. ಅರೆ, ಇದು ಔಷಧಿ ಅಂಗಡಿಯಾಕೆಗೂ ಹೊಳೆದಿರಲಿಲ್ಲ ಎಂದ. ಮದುವೆಯಾದ ಮೇಲೆ ಅಷ್ಟು ಸುಖವಾದ ಮಧ್ಯಾಹ್ನ ಅವಳಿಗೆ ನೆನಪಿರಲಿಲ್ಲ. ಅಂದಿನಿಂದ ಅವನು ಫೋನಿನೊಳಗೆ ಮುಳುಗತೊಡಗಿದಾಗಲೆಲ್ಲ ಸರ್ಕಾರ ಎಚ್ಚೆತ್ತುಕೊಳ್ಳುತ್ತಿತ್ತು.

*

ವ್ಯಾನಿನಲ್ಲಿ ನಡುವೆ ಅವನು, ಆಚೆ ಈಚೆ ಒಂದೊಂದು ಬೆಂಚು. ಗ್ರೀಸ್ ಡ್ರೈವರ್ ಪಕ್ಕ ಹತ್ತಿದ. ಮಗಳು ಹಿಂದಿನ ಕಾರಿಗೆ ಹೋದಳು. ತಂಗಿ ಅಕ್ಕನ ಜೊತೆ ಕೂರಲು ಬಂದಾಗ, ನೀನೂ ಕಾರಿಗೆ ಹೋಗು ಎಂದು ಅಕ್ಕ ಕಳಿಸಿಬಿಟ್ಟಳು. ಬಾಗಿಲು ಮುಚ್ಚಿತು. ಎದುರಿನ ಬೆಂಚಿನಲ್ಲಿ ಮಾತ್ರೆ ಕೂತಿದ್ದಳು.

ಹೆಂಡತಿ ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತ್ರೆಯೇ ಬೇರೆ. ಅವಳಿಗೆ ಉದ್ದನೆಯ ಕತ್ತಿತ್ತು, ವಯಸ್ಸು ಕಡಿಮೆಯಿತ್ತು, ನಗು ಸರಿಯಿರಲಿಲ್ಲ. ಈ ಊದಿದ ಕಾಲಿನವಳನ್ನು ಕಂಡು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಚೆಲುವೆಯಾಗಿದ್ದರೆ ಗಂಡಸರ ಬುದ್ಧಿಯೇ ಅಷ್ಟು ಎಂದು ಬಿಟ್ಟುಬಿಡಬಹುದಿತ್ತು. ಅವನು ಇವಳಲ್ಲಿ ಹುಡುಕಿದ್ದು ಅದಲ್ಲ ಎಂಬುದು ಈಗ ಕಣ್ಣೆದುರೇ ಕೂತಿತ್ತು. ನಿನ್ನೆ ಕುರ್ಚಿಯಲ್ಲಿ ಅವನ ಉಸಿರು ನಿಂತಾಗಲೂ ಕೈಯಲ್ಲಿ ಫೋನ್ ಇತ್ತು. ಅವಳು ಮೊದಲು ಆ ಫೋನನ್ನು ಬೆರಳುಗಳಿಂದ ಬಿಡಿಸಿ ದೂರ ಇಟ್ಟು, ಆಮೇಲೆ ಮಗಳನ್ನು ಕೂಗಿದ್ದಳು.

"ಅವರಿಗೆ ಗೊತ್ತಿತ್ತು," ಎಂದಳು ಮಾತ್ರೆ.

"ಏನು?"

"ರಿಪೋರ್ಟ್ ಮಾಡ್ತಿದ್ದದ್ದು ಯಾರು ಅಂತ."

ಹೆಂಡತಿ ಹೊದ್ದಿದ್ದ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು.

"ಮಂತ್ರಿನ ಬೈದು ಬರೆದದ್ದೆಲ್ಲ ಹಾಗೇ ಇರುತ್ತೆ, ನಿಮ್ಮನ್ನ ಹೊಗಳಿದ್ದು ಮಾತ್ರ ಮಾಯ ಆಗುತ್ತೆ, ಇಂಥ ಸರ್ಕಾರ ನಮ್ಮನೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ ಅಂತ ನನಗೊಬ್ಬಳಿಗೇ ಕಾಣೋ ಹಾಗೆ ಬರೆದ್ರು. ಯಾರಿಗೂ ಹೇಳಬೇಡಿ ಅಂದ್ರು."

ಗೊತ್ತಿದ್ದೂ ಕಿಟಕಿ ಮುಚ್ಚುತ್ತಿದ್ದನೇ. ಗೊತ್ತಿದ್ದೂ ದನಿ ತಗ್ಗಿಸಿ, ಬಾಗಿಲ ಹೊರಗೆ ಇಣುಕಿ ನೋಡಿ ಬಂದು ಕೂರುತ್ತಿದ್ದನೇ. ಅಷ್ಟೆಲ್ಲ ನಾಟಕ ತನ್ನ ಪಕ್ಕ ಕೂತು ಮಾತಾಡುವುದಕ್ಕೆ ಎಂದುಕೊಂಡಾಗ ಎದೆ ತುಂಬಿಬಂತು. ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಇದನ್ನೂ ಅವನು ಇವಳಿಗೇ ಹೇಳಿದ್ದ. ಸತ್ತವನನ್ನು ಎಬ್ಬಿಸಿ ಕೂರಿಸಿ ಬೈಯಬೇಕೆನಿಸಿತು.

"ಆಮೇಲೆ ಹೊಗಳಿದ್ದೆಲ್ಲ ನಿಮಗೆ ಹಾಕಿದ ಗಾಳ," ಎಂದಳು ಮಾತ್ರೆ. "ಇವತ್ತು ಮನೇಲಿ ಮಾತಾಡಬೇಕು ಅನ್ನಿಸಿದೆ, ನಿಮ್ಮನ್ನ ಸ್ವಲ್ಪ ಹೊಗಳ್ತೀನಿ, ಬೇಜಾರು ಮಾಡ್ಕೋಬೇಡಿ ಅಂತ ಮೊದಲೇ ಹೇಳೋರು."

"ನೀವು ಸುಮ್ಮನಿದ್ರಾ?"

"ಗಾಳಕ್ಕೆ ಸಿಕ್ಕಿಸಿದ್ದಾದ್ರೂ ಹೊಗಳಿಕೆ ಅಲ್ವಾ? ಓದ್ತಿದ್ದೆ. ಆದ್ರೆ ನಿಮ್ಮ ಮೇಲೆ ಹೊಟ್ಟೆಕಿಚ್ಚಾಗ್ತಿತ್ತು."

ವ್ಯಾನ್ ಒಂದು ಸಿಗ್ನಲ್ಲಿನಲ್ಲಿ ನಿಂತಿತು. ಮುಂದೆ ಗ್ರೀಸ್ ಡ್ರೈವರಿಗೆ ಸರ್ಕಾರದ ಕತೆ ಹೇಳುತ್ತಿದ್ದದ್ದು ಗಾಜಿನಾಚೆಯಿಂದ ಕೇಳುತ್ತಿತ್ತು. ಮಾತ್ರೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅವರಿಗೆ ಗೊತ್ತಾಗೋಕೆ ಮುಂಚೆ ಮಾಯವಾದವು ಎರಡೇ. ಅವು ನನಗೇ ಅಂತ ಬರೆದದ್ದು. ಮೊದಲನೇದನ್ನ ಓದಿದ್ದೆ. ಎರಡನೇದು ಬರೆದ ದಿನ ಹಗಲೆಲ್ಲ ನಾನು ಅಲ್ಲಿಗೆ ಹೋಗಿರಲಿಲ್ಲ. ಸಂಜೆ ನೋಡೋ ಹೊತ್ತಿಗೆ ಮಾಯವಾಗಿತ್ತು, ತೆಗೆಯಲಾಗಿದೆ ಅನ್ನೋ ಸಾಲು ಮಾತ್ರ ಇತ್ತು. ಏನು ಬರೆದಿದ್ರಿ ಅಂತ ಎಷ್ಟೋ ಸಲ ಕೇಳಿದೆ. ಹೋದದ್ದು ಹೋಯ್ತು ಬಿಡಿ ಅಂದ್ರು." ಅವಳು ಹೆಂಡತಿಯ ಮುಖ ನೋಡಿದಳು. "ಅದನ್ನ ಓದಿದವರು ಅಂತ ಇರೋದು ಈಗ ನೀವೊಬ್ಬರೇ. ಅದರಲ್ಲಿ ಏನಿತ್ತು?"

ಆ ಕಾಲಿನಲ್ಲಿ ಅಷ್ಟು ಮೆಟ್ಟಿಲು ಹತ್ತಿ ಬಂದದ್ದು ಇದಕ್ಕೇ ಎಂದು ಹೆಂಡತಿಗೆ ಅರ್ಥವಾಯಿತು.

*

ಅಂದು ಮಧ್ಯಾಹ್ನ ಅವಳು ಬಟ್ಟೆ ಇಸ್ತ್ರಿ ಮಾಡುತ್ತಾ ಫೋನ್ ತೆರೆದಿದ್ದಳು. ಬರಹ ಚಿಕ್ಕದು. ಅದರಲ್ಲಿ ಕ್ಲೋರಿನ್ನೂ ಇರಲಿಲ್ಲ, ಮಂತ್ರಿಯೂ ಇರಲಿಲ್ಲ.

'ಇವತ್ತು ನೀವು ಬರಲಿಲ್ಲ. ಹೇಳಬೇಕೆಂದು ಯೋಚಿಸಿಟ್ಟದ್ದೆಲ್ಲ ತಲೆಯಲ್ಲೇ ಕೂತಿದೆ. ನೀವು ಒಪ್ಪುವುದಿಲ್ಲ ಎಂದು ಗೊತ್ತಿದ್ದರೆ ಮಾತ್ರ ನನಗೆ ಸರಿಯಾಗಿ ಯೋಚಿಸಲು ಬರುತ್ತದೆ. ಆರೋಗ್ಯವಾಗಿದ್ದೀರಾ?'

ಪ್ರೀತಿ ಗೀತಿ ಎಂಬ ಮಾತು ಎಲ್ಲಾದರೂ ಇದ್ದೀತೆಂದು ಮತ್ತೆ ಮತ್ತೆ ಹುಡುಕಿದಳು. ಇದ್ದಿದ್ದರೆ ಫೋನನ್ನು ಅವನ ಮುಖಕ್ಕೆ ಹಿಡಿದು ಜಗಳವಾಡಬಹುದಿತ್ತು. ಅಂಥದ್ದೇನೂ ಇರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಹುಷಾರಿಲ್ಲದಾಗ ಅವನು ಔಷಧಿ ತಂದುಕೊಟ್ಟಿದ್ದ, ಪಾತ್ರೆ ತೊಳೆದಿದ್ದ, ಹಾಸಿಗೆ ಪಕ್ಕ ನೀರಿಟ್ಟಿದ್ದ. ಹೇಗಿದ್ದೀಯ ಎಂದು ಬಾಯಿಬಿಟ್ಟು ಒಂದು ಸಲವೂ ಕೇಳಿರಲಿಲ್ಲ. ಅಂಗಿಯ ತೋಳು ಸುಟ್ಟು ವಾಸನೆ ಬಂದಾಗಲೇ ಅವಳಿಗೆ ಎಚ್ಚರವಾದದ್ದು. ರಿಪೋರ್ಟ್ ಒತ್ತಿ, ತಂಗಿಗೆ ಫೋನ್ ಮಾಡಿ, ಓದುತ್ತಾ ಕೂರಬೇಡ, ಬೇಗ ಒತ್ತು, ಈಗಲೇ ಒತ್ತು ಎಂದಳು.

ಬರಹ ಹೋಯಿತು. ಅವಳ ತಲೆಯಿಂದ ಮಾತ್ರ ಹೋಗಲಿಲ್ಲ. ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ ಸಾಲು ಸಾಲಾಗಿ ನೆನಪಾಗುತ್ತಿತ್ತು. ಬರಬರುತ್ತಾ ಅದನ್ನು ತನಗೇ ಬರೆದದ್ದೆಂದುಕೊಂಡು ಹೇಳಿಕೊಳ್ಳುವುದನ್ನೂ ಕಲಿತಳು. ಹಾಗೆ ಹೇಳಿಕೊಂಡಾಗ ಅದು ತನ್ನದೇ ಎನಿಸುತ್ತಿತ್ತು.

*

"ನೆನಪಿಲ್ಲ," ಎಂದಳು ಹೆಂಡತಿ.

ಮಾತ್ರೆ ಸರಿ ಎಂದು ತಲೆಯಾಡಿಸಿದಳು. ವಾದ ಮಾಡಲಿಲ್ಲ. ಇಷ್ಟು ವರ್ಷ ಅವನ ಒಂದು ಮಾತನ್ನೂ ಒಪ್ಪದವಳು ಈಗ ಸುಮ್ಮನೆ ಕನ್ನಡಕ ಒರೆಸುತ್ತಾ ಕೂತದ್ದು ಹೆಂಡತಿಗೆ ಇನ್ನಷ್ಟು ಕಿರಿಕಿರಿ ತಂದಿತು. ಒಂದು ಮಾತು ಎದುರಾಡಿದ್ದರೆ ತಾನೂ ಗಟ್ಟಿಯಾಗಿ ಇರಬಹುದಿತ್ತು. ವ್ಯಾನ್ ದೊಡ್ಡ ರಸ್ತೆ ಬಿಟ್ಟು ಚಿತಾಗಾರದ ರಸ್ತೆಗೆ ತಿರುಗಿತು. ಕಾಂಪೌಂಡಿನ ಗೋಡೆ ಕಾಣತೊಡಗಿತು.

"ಆರೋಗ್ಯವಾಗಿದ್ದೀರಾ ಅಂತ ಕೇಳಿದ್ರು," ಎಂದಳು ಹೆಂಡತಿ, ಕಿಟಕಿಯ ಕಡೆ ನೋಡುತ್ತಾ.

"ಅಷ್ಟೇನಾ?"

"ಅಷ್ಟೇ."

ಮಾತ್ರೆ ಬಾಗಿ, ಮಲಗಿದ್ದವನ ಮುಖದ ಹತ್ತಿರ, "ಜ್ವರ ಬಂದಿತ್ತು ಆವತ್ತು," ಎಂದಳು. "ಈಗ ಹುಷಾರಾಗಿದ್ದೀನಿ."

ಗೇಟಿನ ಹತ್ತಿರದ ಉಬ್ಬಿನ ಮೇಲೆ ವ್ಯಾನ್ ಧಡಕ್ಕನೆ ಎಗರಿತು. ಸ್ಟ್ರೆಚರ್ ಜಾರಿತು. ಇಬ್ಬರೂ ಒಟ್ಟಿಗೇ ಕೈಚಾಚಿ ಅವನನ್ನು ಹಿಡಿದರು. ಮಾತ್ರೆಯ ಕೈ ಅವನ ಎದೆಯ ಮೇಲೆ ಬಿತ್ತು, ಹೆಂಡತಿಯದು ಭುಜದ ಮೇಲೆ. ವ್ಯಾನ್ ನಿಂತಿತು. ಹೆಂಡತಿ ಆ ಕೈಯನ್ನೇ ನೋಡುತ್ತಾ ಅದು ಹಿಂದೆ ಹೋಗಲೆಂದು ಕಾದಳು. ಅದು ಹೋಗಲಿಲ್ಲ. ಹಿಂದಿನ ಕಾರು ಬಂದು ನಿಂತ ಸದ್ದಾಯಿತು. ಮಗಳ ದನಿ, ತಂಗಿಯ ದನಿ, ಕೆಳಗಿಳಿದ ಗ್ರೀಸ್ ಬಾಗಿಲಿನ ಕೊಂಡಿ ಎಳೆಯುವ ಸದ್ದು.

ಹೆಂಡತಿ ಭುಜದ ಮೇಲಿದ್ದ ತನ್ನ ಕೈಯನ್ನು ಎದೆಗೆ ಸರಿಸಿ, ಮಾತ್ರೆಯ ಕೈಯ ಮೇಲಿಟ್ಟು ಅದುಮಿ ಹಿಡಿದಳು. ಇನ್ನೊಂದು ಕೈಯಿಂದ ತನ್ನ ಶಾಲಿನ ಅಂಚನ್ನು ಎಳೆದು ಮಾತ್ರೆಯ ಮುಂಗೈಯವರೆಗೂ ಹೊದಿಸಿದಳು. ಬಾಗಿಲು ತೆರೆದು ಬೆಳಕು ಒಳಗೆ ಬಿದ್ದಾಗ, ಹೊರಗೆ ನಿಂತವರಿಗೆ ಅವನ ಎದೆಯ ಮೇಲೆ ಕಂಡದ್ದು ಒಂದೇ ಕೈ.